ಐವರು ಕೂಡಿ ನಿಲ್ಲಬೇಕಾದ ಆಟ

ಸುಗ್ಗಿ ಮುಗಿಸಿ ಇಚಲಕರಂಜಿಯ ಮಗಳ ಮನೆಗೆ ಹೋಗಿದ್ದೆ. ಅಂಗಳದಲ್ಲಿ ಹನ್ನೊಂದರ ಮೊಮ್ಮಗಳು ಬಿದಿರ ಕಡ್ಡಿಗೆ ಲೂಮಿನ ಅಂಚಿನ ಚಿಂದಿ ಪಟ್ಟಿ ಕಟ್ಟಿಕೊಂಡು ಗಾಳಿಯಲ್ಲಿ ಹಾವಿನಂತೆ ಆಡಿಸುತ್ತಿದ್ದಳು. "ಏನವ್ವಾ ಇದು?" ಅಂದೆ. "ರಿಬ್ಬನ್ ತಾತಾ. ದೊಡ್ಡವರದು ಆರು ಮೀಟರ್ ಇರತೈತಿ, ಅಳದs ಕಟ್ಟೀನಿ" ಅಂದಳು. ಮನೆಯೊಳಗೆ ನಮ್ಮದು ತೆಲುಗು, ಹೊಲದಲ್ಲಿ ಕನ್ನಡ, ಬೀಗರ ಊರಿನಲ್ಲಿ ಮರಾಠಿ. ಈ ಮೂರರಲ್ಲಿ ಯಾವುದರಲ್ಲೂ ಈ ಆಟಕ್ಕೆ ಸ್ವಂತ ಹೆಸರಿಲ್ಲ. ರಿದಮಿಕ್ ಜಿಮ್ನಾಸ್ಟಿಕ್ಸ್ ಅನ್ನುತ್ತಾರೆ.

ಹೆಸರು ಇಲ್ಲವೇ ಹೊರತು ಸಂಗತಿ ನಮಗೆ ಹೊಸದಲ್ಲ. ಗಣಪತಿ ಹಬ್ಬಕ್ಕೆ ಗಡಹಿಂಗ್ಲಜದ ಬೀದಿಯಲ್ಲಿ ಲೇಝಿಮ್ ಆಡುವುದನ್ನು ಕಂಡವರಿಗೆ ಇದು ಅರ್ಥವಾಗುತ್ತದೆ. ಕೈಯಲ್ಲಿ ಒಂದು ಸಾಧನ, ಕಾಲಲ್ಲಿ ತಾಳ, ಎಲ್ಲರದೂ ಒಂದೇ ಹೆಜ್ಜೆ. ರಿದಮಿಕ್‌ನ ಗುಂಪು ಸ್ಪರ್ಧೆಯಲ್ಲಿ 13 ಮೀಟರ್ ಚೌಕದ ಹಾಸಿನ ಮೇಲೆ ಐದು ಹುಡುಗಿಯರು ಎರಡೂವರೆ ನಿಮಿಷದೊಳಗೆ ಆಟ ಮುಗಿಸಬೇಕು. ಬಳೆ, ಚೆಂಡು, ಗದೆಯಂಥ ಕ್ಲಬ್ಬು, ರಿಬ್ಬನ್ ಇವನ್ನು ಮೇಲಕ್ಕೆಸೆದು ಒಬ್ಬಳದನ್ನು ಇನ್ನೊಬ್ಬಳು ಹಿಡಿಯಬೇಕು, ಅದೂ ಕೆಲವೊಮ್ಮೆ ಬೆನ್ನು ತಿರುಗಿಸಿ ನಿಂತು. ಒಬ್ಬಳ ಕೈ ಜಾರಿದರೆ ಐವರ ಅಂಕವೂ ಹೋಯಿತು. ಜೋಡೆತ್ತಿನ ಗಾಡಿ ಹೊಡೆದವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ಒಲಿಂಪಿಕ್ಸಿನಲ್ಲಿ ಈ ಗುಂಪು ಸ್ಪರ್ಧೆ ಶುರುವಾದದ್ದು 1996ರ ಅಟ್ಲಾಂಟಾದಲ್ಲಿ. ಆವತ್ತಿನಿಂದ ಚಿನ್ನ ಯುರೋಪಿನ ಬಾಗಿಲು ದಾಟಿರಲಿಲ್ಲ. 2024ರ ಪ್ಯಾರಿಸಿನಲ್ಲಿ ಚೀನಾದ ಹುಡುಗಿಯರು ಮೊದಲ ಸಲ ಅದನ್ನು ಏಶ್ಯಾಕ್ಕೆ ತಂದರು. ನಮ್ಮ ದೇಶದಿಂದ ಗುಂಪೂ ಇಲ್ಲ, ಒಬ್ಬಂಟಿಯಾಗಿಯೂ ಯಾರೂ ಈ ಆಟದಲ್ಲಿ ಒಲಿಂಪಿಕ್ಸಿಗೆ ಹೋಗಿಲ್ಲ.

ಮೊಮ್ಮಗಳು ತನ್ನಪ್ಪನ ಮೊಬೈಲಿನಲ್ಲಿ ತೋರಿಸಿದ್ದು ಇಟಲಿಯ ಅಲೆಸ್ಸಿಯಾ ಮೌರೆಲ್ಲಿಯ ಆಟ. ಈಕೆಯ ಹಾದಿ ನೋಡಿ. 2015ರಲ್ಲಿ ಸ್ಟುಟ್‌ಗಾರ್ಟಿನ ವಿಶ್ವ ಸ್ಪರ್ಧೆಯಲ್ಲಿ ಐದು ರಿಬ್ಬನ್ನಿನ ಚಿನ್ನ. ಮರುವರ್ಷ ರಿಯೋದಲ್ಲಿ ನಾಲ್ಕನೇ ಸ್ಥಾನ, ಅಂದರೆ ಪದಕದ ಹೊಸ್ತಿಲಿಗೆ ಬಂದು ಬರಿಗೈಲಿ ಮನೆಗೆ. ಐದು ವರ್ಷ ಕಾದು 2021ರಲ್ಲಿ ಟೋಕಿಯೊದಲ್ಲಿ ಕಂಚು, 2024ರಲ್ಲಿ ಪ್ಯಾರಿಸಿನಲ್ಲಿ ಮತ್ತೆ ಕಂಚು. ನನಗೆ ದೊಡ್ಡದಾಗಿ ಕಂಡದ್ದು ಪದಕವಲ್ಲ. ಟೋಕಿಯೊದಲ್ಲಿ ನಿಂತ ಐವರಲ್ಲಿ ನಾಲ್ವರು ಪ್ಯಾರಿಸಿನಲ್ಲೂ ಜೊತೆಗೇ ನಿಂತಿದ್ದರು. ಈ ನಾಲ್ವರು ಹೇಗೆ ಉಳಿದರು? ಹೊಟ್ಟೆಪಾಡಿನ ಉತ್ತರ ಒಂದಿದೆ. ಅಲ್ಲಿ ವಾಯುಸೇನೆ ಇಂಥ ಆಟಗಾರ್ತಿಯರನ್ನು ನೌಕರಿಗೆ ತೆಗೆದುಕೊಂಡು ಸಂಬಳ ಕೊಡುತ್ತದೆ. ಪ್ಯಾರಿಸಿನಲ್ಲಿ ಪದಕ ಗೆದ್ದ ಮೇಲೆ ಮೌರೆಲ್ಲಿಯ ಗೆಳೆಯ ಅಲ್ಲಿಯೇ ಮಂಡಿಯೂರಿ ಮದುವೆಯಾಗುವೆಯಾ ಅಂತ ಕೇಳಿದ. ಆಕೆಗೆ 28 ತುಂಬಲು ಇನ್ನೂ ಕೆಲವು ದಿನ ಬಾಕಿ. ನಮ್ಮಲ್ಲಿ ಆ ಹೊತ್ತಿಗೆ ಎರಡನೇ ಕೂಸಿಗೆ ಶಾಲೆ ಹುಡುಕುತ್ತಿರುತ್ತಾರೆ.

ಎಲ್ಲ ಚಂದ ಅಂತಲ್ಲ. ಅದೇ ಇಟಲಿಯಲ್ಲಿ 2022ರಲ್ಲಿ ಹಿಂದಿನ ಆಟಗಾರ್ತಿಯರು ಎದ್ದು ನಿಂತು, ದಿನಾ ತೂಕಕ್ಕೆ ನಿಲ್ಲಿಸಿ ಹೀಯಾಳಿಸುತ್ತಿದ್ದರು, ಉಣ್ಣಲು ಹೆದರಿಸಿದ್ದರು ಅಂತ ಬಹಿರಂಗ ದೂರು ಹೇಳಿದರು. ಬೆಳೆಯುವ ಹುಡುಗಿಯ ತಾಟಿನ ರೊಟ್ಟಿ ಎಣಿಸುವ ಆಟ ನಮಗೆ ಬೇಕೇ ಅಂತ ನನ್ನ ಹೆಂಡತಿ ಕೇಳಿದಳು. ಕೇಳಬೇಕಾದ ಮಾತೇ. ಮಗುವನ್ನು ಕಳಿಸುವ ಮೊದಲು ತರಬೇತುದಾರರ ಬಾಯಿ ಹೇಗಿದೆ ಅಂತ ನೋಡಬೇಕು.

ಈಗ ನಮ್ಮ ಕಡೆ ಬರೋಣ. ಕೊಲ್ಹಾಪುರ ಸೀಮೆಗೆ ಆಟ ಹೊಸದೇ? ತಾಲೀಮು ಇಲ್ಲದ ಪೇಟೆ ಇಲ್ಲ. ಶಾಹೂ ಮಹಾರಾಜರ ಕಾಲದ ಖಾಸಬಾಗ ಮೈದಾನ ಇಂದೂ ಇದೆ. 1952ರ ಹೆಲ್ಸಿಂಕಿಯಲ್ಲಿ ಕಂಚು ತಂದ ಖಾಶಾಬಾ ಜಾಧವ ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿದವರು. ಅವರನ್ನು ಕಳಿಸಲು ಪ್ರಾಚಾರ್ಯ ಖರ್ಡೀಕರರು ಮನೆ ಅಡವಿಟ್ಟು 7000 ರೂಪಾಯಿ ಕೊಟ್ಟರು. 2010ರಲ್ಲಿ ತೇಜಸ್ವಿನಿ ಸಾವಂತ ರೈಫಲ್ಲಿನಲ್ಲಿ ವಿಶ್ವ ಚಾಂಪಿಯನ್. 2018ರ ಏಶ್ಯನ್ ಗೇಮ್ಸಿನಲ್ಲಿ ರಾಹಿ ಸರ್ನೋಬತ ಪಿಸ್ತೂಲಿನ ಚಿನ್ನ. 2024ರಲ್ಲಿ ರಾಧಾನಗರಿ ತಾಲ್ಲೂಕಿನ ಕಂಬಳವಾಡಿಯ ಸ್ವಪ್ನಿಲ ಕುಸಾಳೆ, ರೇಲ್ವೆಯಲ್ಲಿ ಟಿಕೆಟ್ ಕಲೆಕ್ಟರ್ ಆಗಿದ್ದವರು, ಪ್ಯಾರಿಸಿನಿಂದ ಕಂಚು ತಂದರು.

ಇವೆಲ್ಲ ಒಬ್ಬೊಬ್ಬರ ಪದಕ. ಒಬ್ಬ ಪ್ರಾಚಾರ್ಯ ಒಂದು ಮನೆ ಅಡವಿಟ್ಟರೆ ಒಬ್ಬ ಪೈಲವಾನ ಹೊರಡಬಹುದು. ಗುಂಪಿಗೆ ಐದು ಮನೆಗಳ ತಂದೆತಾಯಿ ಒಂದೇ ಮಾತಿಗೆ ಹತ್ತು ವರ್ಷ ನಿಲ್ಲಬೇಕು. ನಮ್ಮಲ್ಲಿ ಒಂದು ಬಾವಿಯ ನೀರಿಗೆ ಐವರು ಅಣ್ಣತಮ್ಮಂದಿರು ಹತ್ತು ವರ್ಷ ನಿಲ್ಲೋದಿಲ್ಲ!

ಮಹಾರಾಷ್ಟ್ರದಲ್ಲಿ ಈ ಆಟ ಇಲ್ಲ ಅನ್ನುವಂತಿಲ್ಲ. 2010ರ ದಿಲ್ಲಿ ಕಾಮನ್ವೆಲ್ತಿನಲ್ಲಿ ಭಾರತದ ಪರವಾಗಿ ಆಡಿದ ಅಕ್ಷತಾ ಶೇಟೆ, ಕ್ಷಿಪ್ರಾ ಜೋಶಿ, ಪೂಜಾ ಸುರ್ವೆ ಮೂವರೂ ಇದೇ ರಾಜ್ಯದವರು. 2022ರಲ್ಲಿ ಪಂಚಕುಲಾದ ಖೇಲೋ ಇಂಡಿಯಾದಲ್ಲಿ ಠಾಣೆಯ ಸಂಯುಕ್ತಾ ಕಾಳೆ 5 ಚಿನ್ನ ಬಾಚಿದಳು. ನಮ್ಮ ತೆಲುಗು ಹುಡುಗಿ ಹೈದರಾಬಾದಿನ ಮೇಘನಾ ರೆಡ್ಡಿ 2018ರ ಕಾಮನ್ವೆಲ್ತಿಗೆ ಹೋದಳು. ಆದರೆ ಕಾಮನ್ವೆಲ್ತಿನಲ್ಲಿ 'ತಂಡ' ಅಂದರೆ ಒಬ್ಬೊಬ್ಬರ ಅಂಕ ಕೂಡಿಸುವುದು, ಐವರು ಒಟ್ಟಿಗೆ ಹಾಸಿನ ಮೇಲೆ ಇಳಿಯುವ ಗುಂಪಾಟವಲ್ಲ. 2026ರ ಗ್ಲಾಸ್ಗೊ ಕೂಟವನ್ನು 10 ಕ್ರೀಡೆಗಳಿಗೆ ಇಳಿಸಿದಾಗ ರಿದಮಿಕ್ಕನ್ನೇ ಬಿಟ್ಟರು. 2030ರ ಕೂಟ ಅಹಮದಾಬಾದಿಗೆ ಸಿಕ್ಕಿದೆ. ಇವತ್ತಿನ ಹನ್ನೊಂದರ ಹುಡುಗಿಯರಿಗೆ ಲೆಕ್ಕ ಹಾಕಬೇಕಾದ್ದು ಆ ವರ್ಷದಿಂದಲೇ.

ಲೆಕ್ಕ ಎಲ್ಲಿ ತಪ್ಪುತ್ತದೆ ಅಂದರೆ, ಈ ಆಟದಲ್ಲಿ ಹುಡುಗಿ ಹಿರಿಯರ ಸಾಲಿಗೆ ಸೇರುವುದು 16 ತುಂಬುವ ವರ್ಷ. ನಮ್ಮಲ್ಲಿ ಅದು ಹತ್ತನೇ ಇಯತ್ತೆ ಪರೀಕ್ಷೆಯ ಆಸುಪಾಸಿನ ಹೊತ್ತು. ಒಬ್ಬಳನ್ನು ಟ್ಯೂಷನ್ನಿಗೆ ಹಾಕುತ್ತಾರೆ, ಇನ್ನೊಬ್ಬಳ ಅಪ್ಪನ ಲೂಮು ಮಾರಿ ಹೋಗುತ್ತದೆ, ಮತ್ತೊಬ್ಬಳಿಗೆ ವರ ಬರುತ್ತಾನೆ. ಬಂದೂಕು ಹಿಡಿದವಳು ಒಬ್ಬಳೇ ಉಳಿದರೂ ಗುರಿ ಇಡಬಹುದು. ಗುಂಪಿನಲ್ಲಿ ಮೂವರು ಹೋದರೆ ಉಳಿದಿಬ್ಬರ ಕಲಿಕೆಯೂ ಅಲ್ಲಿಗೆ ನಿಂತಿತು.

ಜಾಗದ ಮಾತೂ ಇದೆ. ಬಳೆ ಎಸೆಯಲು ಎಂಟು ಮೀಟರಾದರೂ ಎತ್ತರದ ಚಾವಣಿ ಬೇಕು, ಲೂಮಿನ ಶೆಡ್ಡಿನಲ್ಲಿ ಅದು ಆಗದು. ಕೊಲ್ಹಾಪುರದಿಂದ ಗಡಹಿಂಗ್ಲಜದವರೆಗೆ ರಸ್ತೆಗುಂಟ ದೊಡ್ಡ ಮಂಗಲ ಕಾರ್ಯಾಲಯಗಳಿವೆ. ಆಷಾಢದಲ್ಲಿ ಮುಹೂರ್ತವಿಲ್ಲದೆ ಬಾಗಿಲು ಹಾಕಿರುತ್ತವೆ. ನಮ್ಮ ವ್ಯಾಪಾರಸ್ಥರು ಮನಸ್ಸು ಮಾಡಿದರೆ ಬೆಳಗಿನ ಎರಡು ತಾಸು ಬಿಟ್ಟುಕೊಡಬಹುದು, ಬಾಡಿಗೆಗೇನೂ ನಷ್ಟವಿಲ್ಲ. ಹಾಸಿಗೆ ಮಾತ್ರ ಯಾರಾದರೂ ಗಂಟು ಬಿಚ್ಚಬೇಕು.

ಇದನ್ನೆಲ್ಲ ಬರೆಯುವ ಅಧಿಕಾರ ನನಗೆಷ್ಟಿದೆಯೋ. ಮೊಮ್ಮಗಳ ತಾಯಿ, ಅಂದರೆ ನನ್ನ ಮಗಳು, ಶಾಲೆಯ ಲೇಝಿಮ್ ತಂಡದ ಮುಂದಿನ ಸಾಲಿನವಳು. ಎಂಟನೇ ಕ್ಲಾಸಿನಲ್ಲಿ ಜಿಲ್ಲಾ ಸ್ಪರ್ಧೆಗೆ ನಾಲ್ಕು ದಿನ ಇರುವಾಗ "ದೊಡ್ಡವಳಾಗಿದ್ದಾಳೆ, ಸಾಕು" ಅಂತ ಬಿಡಿಸಿದವನು ನಾನೇ. ಆ ಸಾಲು ಒಬ್ಬಳ ಕೊರತೆಯಿಂದ ಹೋಗಲಿಲ್ಲ. ಉಳಿದ ಹುಡುಗಿಯರು ವಾರಗಟ್ಟಲೆ ನಮ್ಮ ಓಣಿಯಲ್ಲಿ ಹಾಯುವಾಗ ನನ್ನ ಮುಖ ನೋಡುತ್ತಿರಲಿಲ್ಲ. ಆಮೇಲೆ ನಾನು ಎಷ್ಟೋ ಪದ್ಯ ಕಟ್ಟಿದ್ದೇನೆ, ಎರಡೂ ಭಾಷೆಯಲ್ಲಿ. ಅದರ ಮೇಲೆ ಒಂದೂ ಕಟ್ಟಲಾಗಲಿಲ್ಲ.

ಈ ಸಲ ಇಚಲಕರಂಜಿಯಿಂದ ಹೊರಡುವಾಗ ಮಗಳು ಕೇಳಿದಳು: "ಅಪ್ಪಾ, ಇವಳ ಜೋಡಿ ನಾಲ್ಕು ಹುಡುಗ್ಯಾರು ಅದಾರ. ಅದರಾಗ ಇಬ್ಬರ ಮನ್ಯಾಗ ಒಪ್ಪವಲ್ಲರು. ನೀವು ಹಿರಿಯರು, ಒಂದು ಮಾತು ಹೇಳ್ತೀರೇನು?" ನಾನು ಗಡಹಿಂಗ್ಲಜದ ಬಸ್ಸು ಬಿಟ್ಟೆ. ಆ ಸಂಜೆ ಮೊದಲ ಮನೆಗೆ ಹೋದೆವು. ಚಹಾ ಕೊಟ್ಟರು, ವಿಚಾರ ಮಾಡಿ ಹೇಳ್ತೀವಿ ಅಂದರು. ಎರಡನೇ ಮನೆಯವರು ಸೋಮವಾರ ಬರ್ರಿ ಅಂದಿದ್ದಾರೆ.