ಹೆಸರಿನ ಹಕ್ಕು

ಮೈಸೂರಿನಲ್ಲೊಂದು, ಧಾರವಾಡದಲ್ಲೊಂದು ಲಕ್ಷ್ಮೀ ಸ್ಟೋರ್ಸ್ ಇದ್ದರೆ ಯಾರಿಗೂ ಬಾಧೆಯಿಲ್ಲ. ಮೈಸೂರಿನ ಗಿರಾಕಿಯು ದಾರಿ ತಪ್ಪಿ ಧಾರವಾಡದ ಅಂಗಡಿಗೆ ಹೋಗುವವನಲ್ಲ. ಅಂತರಜಾಲವೆಂಬ ಪೇಟೆಯ ರೀತಿಯಾದರೋ ಬೇರೆ. ಅಲ್ಲಿ ಹೆಸರೇ ಅಂಗಡಿಯ ವಿಳಾಸ. ಡೊಮೇನ್ ಹೆಸರೆಂಬ ಆ ವಿಳಾಸವು ಇಡೀ ಜಗತ್ತಿನಲ್ಲಿ ಒಬ್ಬರಿಗೆ ಮಾತ್ರವೇ ಸಲ್ಲುವುದು. ಸಾಮಾನ್ಯವಾಗಿ ಮೊದಲು ಬಂದು ಶುಲ್ಕ ತೆತ್ತವರಿಗೆ ಅದು ದೊರೆಯುವುದಲ್ಲದೆ, ಅವರಿಗೆ ಆ ಹೆಸರಿನ ಮೇಲೆ ಹಕ್ಕುಂಟೇ ಎಂದು ಆಗ ಯಾರೂ ವಿಚಾರಿಸುವುದಿಲ್ಲ. ವ್ಯಾಜ್ಯಗಳಿಗೆ ಮೂಲವು ಇದೇ.

ನಮ್ಮ ಬೆಂಗಳೂರಿನ ನ್ಯಾಯಾಲಯದಲ್ಲಿ ಆರಂಭವಾದ ಇಂತಹುದೊಂದು ವ್ಯಾಜ್ಯವನ್ನು ವಾಚಕರ ಮುಂದಿಡುತ್ತೇವೆ. ಸತ್ಯಂ ಇನ್ಫೋವೇ ಎಂಬ ಸಂಸ್ಥೆಯು ತನ್ನ ಹೆಸರಿನ ಅಕ್ಷರಗಳಿಂದಲೇ 'ಸಿಫಿ' ಎಂಬ ಹೊಸ ಪದವನ್ನು ಕಟ್ಟಿ, 1999ರಲ್ಲಿ ಆ ಪದವುಳ್ಳ ಡೊಮೇನ್ ಹೆಸರುಗಳನ್ನು ನೋಂದಾಯಿಸಿತು. 2001ರಲ್ಲಿ ಮತ್ತೊಂದು ಸಂಸ್ಥೆಯು 'ಎಫ್' ಅಕ್ಷರವನ್ನು ಇಮ್ಮಡಿಸಿ 'ಸಿಫ್ಫಿನೆಟ್' ಎಂಬ ಹೆಸರಿನಿಂದ ವ್ಯವಹಾರಕ್ಕಿಳಿಯಿತು. ತಮ್ಮ ಐವರು ಪ್ರವರ್ತಕರ ಹೆಸರುಗಳ ಮೊದಲಕ್ಷರಗಳಿಂದ ಆ ಪದವಾಯಿತೆಂದು ಪ್ರತಿವಾದಿಗಳು ಸಮಾಧಾನ ಹೇಳಿದರು.

ಸಿಟಿ ಸಿವಿಲ್ ನ್ಯಾಯಾಲಯವು ವಾದಿಗಳ ಪರವಾಗಿ ತಾತ್ಕಾಲಿಕ ತಡೆಯಾಜ್ಞೆಯನ್ನು ಕೊಟ್ಟಿತು. ಪ್ರತಿವಾದಿಗಳಿಗೇ ಹೆಚ್ಚಿನ ಕಷ್ಟವಾದೀತೆಂದು ಹೈಕೋರ್ಟು ಅದನ್ನು ರದ್ದುಪಡಿಸಿತು. ಕೊನೆಗೆ 2004ರ ಮೇ 6ರಂದು ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನು ತಳ್ಳಿಹಾಕಿತು. ಮೊದಲಕ್ಷರಗಳ ಸಮಾಧಾನವನ್ನು ಅದು ಒಪ್ಪಲಿಲ್ಲ. ಇಂತಹ ವ್ಯಾಜ್ಯಗಳಿಗೆಂದೇ ನಮ್ಮ ದೇಶದಲ್ಲಿ ಆಗ ಪ್ರತ್ಯೇಕ ಶಾಸನವಿರಲಿಲ್ಲವಾದರೂ, ತನ್ನ ಸರಕನ್ನು ಪರರದೆಂದು ತೋರಿಸಿ ಮಾರಬಾರದೆಂಬ ಹಳೆಯ ನ್ಯಾಯವು ಡೊಮೇನ್ ಹೆಸರಿಗೂ ಅನ್ವಯಿಸುವುದೆಂದು ನಿರ್ಣಯವಾಯಿತು.

ಹಾಗೆಂದು ದೊಡ್ಡ ಸಂಸ್ಥೆಯು ಕೇಳಿದೊಡನೆ ಚಿಕ್ಕವರು ಹೆಸರನ್ನು ಬಿಟ್ಟುಕೊಡಬೇಕೆಂದಲ್ಲ. ಐಕ್ಯಾನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆಯು 1999ರಲ್ಲಿ ಅಂಗೀಕರಿಸಿದ ನಿಯಮಗಳ ಮೇರೆಗೆ, ದೂರು ಕೊಡುವವರು ಮೂರು ಅಂಶಗಳನ್ನು ಸ್ಥಾಪಿಸಬೇಕು: ಆ ಹೆಸರು ತಮ್ಮ ವ್ಯಾಪಾರಚಿಹ್ನೆಯನ್ನು ಹೋಲಿ ಜನರನ್ನು ಭ್ರಮೆಗೊಳಿಸುವಂತಿದೆ, ಎದುರಾಳಿಗೆ ಅದರಲ್ಲಿ ನ್ಯಾಯವಾದ ಹಕ್ಕಿಲ್ಲ, ಅದನ್ನು ದುರುದ್ದೇಶದಿಂದ ನೋಂದಾಯಿಸಿ ಬಳಸಲಾಗಿದೆ. ಮೂರರಲ್ಲಿ ಒಂದು ತಪ್ಪಿದರೂ ದೂರು ನಿಲ್ಲದು.

ಹಪ್ಪಳ, ಉಪ್ಪಿನಕಾಯಿ, ಚಟ್ನಿಪುಡಿಗಳನ್ನು ಮನೆಯಲ್ಲಿಯೇ ಮಾಡಿ ಮಾರುವ ಸೋದರಿಯರು ನಮ್ಮ ವಾಚಕರಲ್ಲಿ ಅನೇಕರಿರಬಹುದು. ವರ್ಷಗಟ್ಟಲೆ ದುಡಿದು ಗಳಿಸಿದ ಒಳ್ಳೆಯ ಹೆಸರೇ ಅವರ ಬಂಡವಾಳ. ಆದುದರಿಂದ ಅವರು ತಮ್ಮ ಹೆಸರನ್ನು ವ್ಯಾಪಾರಚಿಹ್ನೆಯಾಗಿಯೂ ಡೊಮೇನ್ ಹೆಸರಾಗಿಯೂ ಬೇಗನೆ ನೋಂದಾಯಿಸುವುದು ಲೇಸು. ಮೊದಲ ದಿನದ ರಸೀತಿ, ಚೀಟಿ, ಜಾಹೀರಾತುಗಳನ್ನು ಜೋಪಾನವಾಗಿಡಲಿ. ಆ ಹೆಸರನ್ನು ಮೊದಲು ಬಳಸಿದವರು ಯಾರೆಂಬ ಪ್ರಶ್ನೆ ಬಂದಾಗ ಅವೇ ಸಾಕ್ಷಿಯಾಗುವುವು. ಕೊಳ್ಳುವವರಾದರೋ, ಹಣ ತೆರುವ ಮೊದಲು ವಿಳಾಸವನ್ನು ಅಕ್ಷರಕ್ಕೆ ಅಕ್ಷರ ಓದಿ ನೋಡಬೇಕು. ಹೆಚ್ಚಾಗಿ ಸೇರಿದ ಒಂದಕ್ಷರವು ಮೋಸಗಾರನ ಬಾಗಿಲಿಗೆ ಒಯ್ಯಬಹುದು.