ಹವಾಮಾನ ಒಪ್ಪಂದಗಳಲ್ಲಿ ಹೊಣೆ ಹಂಚಿಕೆ: ಕೊಪ್ಪಳ ಜಿಲ್ಲೆಯ ದೃಷ್ಟಿಯಿಂದ ಒಂದು ಅವಲೋಕನ

ಭೂಮಿಯ ತಾಪ ಹೆಚ್ಚಿಸುವ ಅನಿಲಗಳನ್ನು ಯಾವ ದೇಶವು ಎಷ್ಟು ತಗ್ಗಿಸಬೇಕೆಂಬ ಪ್ರಶ್ನೆಯು ಅಂತರರಾಷ್ಟ್ರೀಯ ಸಮ್ಮೇಳನಗಳಿಗೆ ಮಾತ್ರ ಸೇರಿದ್ದೆಂದು ಸಾಮಾನ್ಯವಾಗಿ ಭಾವಿಸಲಾಗುತ್ತದೆ. ಆದರೆ ಗಂಗಾವತಿಯ ನೀರು ನಿಂತ ಭತ್ತದ ಗದ್ದೆಗಳಿಂದ ಮೀಥೇನ್ ಅನಿಲ ಹೊರಬೀಳುತ್ತದೆ. ಕೊಪ್ಪಳ ತಾಲ್ಲೂಕಿನ ಗಿಣಿಗೇರಾ, ಹಿರೇಬಗನಾಳ ಸುತ್ತಲಿನ ಕಬ್ಬಿಣ ಕಾರ್ಖಾನೆಗಳಲ್ಲಿ ಕಲ್ಲಿದ್ದಲು ಬಳಕೆಯಾಗುತ್ತದೆ. ಕುಷ್ಟಗಿ ಮತ್ತು ಯಲಬುರ್ಗಾದ ಮಳೆಯಾಶ್ರಿತ ಬೇಸಾಯವು ಮಳೆಯ ಏರುಪೇರಿಗೆ ಮೊದಲು ತುತ್ತಾಗುತ್ತದೆ. ಆದುದರಿಂದ ಸದರಿ ಪ್ರಶ್ನೆಯು ಜಿಲ್ಲೆಯ ಜನತೆಗೆ ನೇರವಾಗಿ ಸಂಬಂಧಿಸಿರುತ್ತದೆ.

ಒಪ್ಪಂದಗಳ ಹಿನ್ನೆಲೆ

1992ರಲ್ಲಿ ಅಂಗೀಕೃತವಾದ ವಿಶ್ವಸಂಸ್ಥೆಯ ಹವಾಮಾನ ಒಡಂಬಡಿಕೆಯು, ಹೊಣೆ ಎಲ್ಲ ದೇಶಗಳದ್ದಾದರೂ ಅದರ ಪ್ರಮಾಣ ಒಂದೇ ಅಲ್ಲವೆಂಬ ತತ್ವವನ್ನು ಒಪ್ಪಿಕೊಂಡಿತು. ಅದರಂತೆ 1997ರ ಕ್ಯೋಟೋ ಒಪ್ಪಂದದಲ್ಲಿ ಕೈಗಾರಿಕೀಕೃತ ದೇಶಗಳಿಗೆ ಮಾತ್ರ ಕಡಿತದ ಗುರಿ ನಿಗದಿಪಡಿಸಲಾಯಿತು. ಅಮೆರಿಕವು ಅದನ್ನು ಅನುಮೋದಿಸಲಿಲ್ಲ. ಕೆನಡಾ ನಂತರ ಹೊರನಡೆಯಿತು. 2020ರ ವೇಳೆಗೆ ವರ್ಷಕ್ಕೆ 10,000 ಕೋಟಿ ಡಾಲರ್ ನೆರವು ಒದಗಿಸುವ ಭರವಸೆಯನ್ನು 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ನೀಡಲಾಗಿತ್ತು. ಶ್ರೀಮಂತ ದೇಶಗಳ ಲೆಕ್ಕದ ಪ್ರಕಾರವೇ ಅದು ಈಡೇರಿದ್ದು 2022ರಲ್ಲಿ. 2024ರ ಬಾಕು ಸಮ್ಮೇಳನದಲ್ಲಿ ಅಭಿವೃದ್ಧಿಶೀಲ ದೇಶಗಳು ವರ್ಷಕ್ಕೆ 1.3 ಲಕ್ಷ ಕೋಟಿ ಡಾಲರ್ ಕೇಳಿದ್ದು, 2035ರ ವೇಳೆಗೆ 30,000 ಕೋಟಿ ಡಾಲರ್ ಎಂಬ ಗುರಿಗೆ ಮಾತ್ರ ಒಪ್ಪಿಗೆ ದೊರೆಯಿತು. ಭಾರತವು ಅಲ್ಲಿಯೇ ತನ್ನ ಆಕ್ಷೇಪವನ್ನು ದಾಖಲಿಸಿತು.

ಗದ್ದೆ ಮತ್ತು ಕಾರ್ಖಾನೆ

ಬಡ ರೈತನ ಗದ್ದೆಯ ಅನಿಲವನ್ನೂ ಶ್ರೀಮಂತ ದೇಶದ ಕಾರಿನ ಹೊಗೆಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದೆಂದು ದೆಹಲಿಯ ಅನಿಲ್ ಅಗರವಾಲ್ ಮತ್ತು ಸುನೀತಾ ನಾರಾಯಣ್ 1991ರಲ್ಲಿಯೇ ವಾದಿಸಿದ್ದರು. ಒಂದು ಹೊಟ್ಟೆಪಾಡಿನದು, ಇನ್ನೊಂದು ಸುಖಭೋಗದ್ದು ಎಂಬುದು ಆ ವಾದದ ತಿರುಳು. ಮೀಥೇನ್ ಪ್ರಮಾಣವನ್ನು 2030ರೊಳಗೆ ಶೇ. 30ರಷ್ಟು ತಗ್ಗಿಸುವ 2021ರ ಜಾಗತಿಕ ಪ್ರತಿಜ್ಞೆಗೆ ಭಾರತವು ಸೇರಿರುವುದಿಲ್ಲ. ಭಾರತದಲ್ಲಿ ತಲಾ ಇಂಗಾಲದ ಡೈಆಕ್ಸೈಡ್ ವಾರ್ಷಿಕ ಸುಮಾರು 2 ಟನ್ ಇದ್ದರೆ, ಅಮೆರಿಕದಲ್ಲಿ ಸುಮಾರು 14 ಟನ್ ಇರುತ್ತದೆ.

ಕಬ್ಬಿಣ ಮತ್ತು ಉಕ್ಕಿನ ವಿಷಯದಲ್ಲಿ ಯುರೋಪಿಯನ್ ಒಕ್ಕೂಟವು ಬೇರೆ ದಾರಿ ಹಿಡಿದಿದೆ. ಆಮದಾಗುವ ಉಕ್ಕನ್ನು ತಯಾರಿಸುವಾಗ ಹೊರಬಿದ್ದ ಇಂಗಾಲಕ್ಕೆ ಶುಲ್ಕ ವಿಧಿಸುವ ವ್ಯವಸ್ಥೆಯು ಅಲ್ಲಿ 2026ರ ಜನವರಿ 1ರಿಂದ ಜಾರಿಗೆ ಬಂದಿದೆ. ತಾವು ಕೊಡಬೇಕಾದ ನೆರವನ್ನು ಬಾಕಿ ಇಟ್ಟುಕೊಂಡು ಬಡ ದೇಶಗಳ ಮಾಲಿನ ಮೇಲೆ ಶುಲ್ಕ ಹೇರುವುದು ನ್ಯಾಯವಲ್ಲವೆಂಬುದು ಅಭಿವೃದ್ಧಿಶೀಲ ದೇಶಗಳ ಆಕ್ಷೇಪವಾಗಿರುತ್ತದೆ.

ಜಿಲ್ಲೆಯೊಳಗಿನ ಹೊಣೆ

ದೇಶ ದೇಶಗಳ ನಡುವೆ ಈ ವಾದವು ನ್ಯಾಯಯುತವಾಗಿದ್ದರೂ, ಇದರಿಂದ ಕಾರ್ಖಾನೆಯ ಮಗ್ಗುಲಿನ ಹೊಲದ ಮೇಲೆ ಬೀಳುವ ಕಪ್ಪು ಬೂದಿ ಕಡಿಮೆಯಾಗುವುದಿಲ್ಲ. ನಗರಕ್ಕೆ ಹೊಂದಿಕೊಂಡ ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ 2025ರ ಫೆಬ್ರುವರಿ 24ರಂದು ಕೊಪ್ಪಳ ಬಂದ್ ಆಚರಿಸಲಾಯಿತು. ಲಾಭ ಒಬ್ಬರಿಗೆ, ಹೊಗೆ ಇನ್ನೊಬ್ಬರಿಗೆ ಎಂಬ ಅಲ್ಲಿನ ಅಳಲಿಗೂ ಜಾಗತಿಕ ಸಮ್ಮೇಳನಗಳಲ್ಲಿ ಭಾರತವು ಮಂಡಿಸುವ ವಾದಕ್ಕೂ ಬುಡ ಒಂದೇ. ಹೊರಗೆ ಕೇಳುವ ನ್ಯಾಯವನ್ನು ಒಳಗೂ ಪಾಲಿಸಿದಾಗಲೇ ಆ ಬೇಡಿಕೆಗೆ ತೂಕ ಬರುತ್ತದೆ.

ಸಾರ್ವಜನಿಕರ ಗಮನಕ್ಕೆ

ಪರಿಸರ ಪರಿಣಾಮ ಅಂದಾಜು ಅಧಿಸೂಚನೆ, 2006ರನ್ವಯ ನಿಗದಿತ ವರ್ಗದ ಕೈಗಾರಿಕೆಗಳಿಗೆ ಅನುಮತಿ ನೀಡುವ ಮುನ್ನ ಸಾರ್ವಜನಿಕ ಆಲಿಕೆ ನಡೆಸಬೇಕಾಗಿರುತ್ತದೆ. ಇದಕ್ಕಾಗಿ ಕನಿಷ್ಠ 30 ದಿನಗಳ ಕಾಲಾವಕಾಶ ನೀಡಿ ಪತ್ರಿಕೆಗಳಲ್ಲಿ ಪ್ರಕಟಣೆ ಹೊರಡಿಸಲಾಗುತ್ತದೆ. ಜಿಲ್ಲಾಧಿಕಾರಿಗಳು ಅಥವಾ ಅಪರ ಜಿಲ್ಲಾಧಿಕಾರಿಗಳ ದರ್ಜೆಗೆ ಕಡಿಮೆಯಿಲ್ಲದ ಅವರ ಪ್ರತಿನಿಧಿಯು ಆಲಿಕೆಯ ಅಧ್ಯಕ್ಷತೆ ವಹಿಸುತ್ತಾರೆ. ಹಾಜರಿರುವ ಪ್ರತಿಯೊಬ್ಬರಿಗೂ ಪ್ರಶ್ನೆ ಕೇಳುವ ಅವಕಾಶವಿರುತ್ತದೆ. ಲಿಖಿತ ಆಕ್ಷೇಪಣೆಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ಸಲ್ಲಿಸಬಹುದಾಗಿದೆ. ಆಲಿಕೆಯ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕೆಂಬ ನಿಯಮವೂ ಇರುತ್ತದೆ. ತಾವು ಹೇಳಿದ ಮಾತು ಅದರಲ್ಲಿ ದಾಖಲಾಗಿದೆಯೇ ಎಂಬುದನ್ನು ಸಾರ್ವಜನಿಕರು ಅಲ್ಲಿಯೇ ಖಚಿತಪಡಿಸಿಕೊಳ್ಳುವುದು ಸೂಕ್ತ.