ಗುಂಡು ಹೊಡಿಯೋ ಆಟ ಅಂತ ದೂರ ಇಡಬೇಡಿ

ಐವತ್ತು ದಾಟಿದ ಹೆಂಗಸು ಟೀವಿ ಮುಂದೆ ಕೂತು ದಿನಾ ಎರಡು ಗಂಟೆ ಧಾರಾವಾಹಿ ನೋಡಿದ್ರೆ ಯಾರೂ ಎಂತದೂ ಕೇಳಲ್ಲ. ಅದೇ ಟೀವಿಗೆ ಗೇಮ್ ಪೆಟ್ಟಿಗೆ ಸಿಗಿಸ್ಕೊಂಡು ಕೂತ್ರೆ ಮಾತ್ರ, "ಎಂತ ಅತ್ತಿಗೆ, ನಿಮಗೂ ಹುಡುಗಾಟ ಹತ್ತಿತಾ?" ಅಂತಾರೆ. ಅದ್ರಲ್ಲೂ ಗುಂಡು ಹೊಡಿಯೋ ಆಟ ಅಂದ್ರೆ ಮುಗೀತು. ಆದ್ರೆ ನನ್ನ ಕೇಳಿದ್ರೆ, ಆ ಜಾತಿ ಆಟಗಳಲ್ಲಿ ಒಂದೊಂದು ನಮ್ಮಂಥ ಮಲೆನಾಡಿನ ಹೆಂಗಸರಿಗೇ ಹೇಳಿ ಮಾಡಿಸಿದಂಗಿರ್ತದೆ. ನಾನು ಹೋದ ಮಳೆಗಾಲದಲ್ಲಿ ಆಡಿ ಮುಗಿಸಿದ್ದು ಅಂಥದ್ದೊಂದು.

ಅದರ ಹೆಸರು ಮೆಟ್ರಾಯ್ಡ್ ಪ್ರೈಮ್ 2: ಎಕೋಸ್. ಜಪಾನಿನ ನಿಂಟೆಂಡೊ ಕಂಪನಿಗೆ ಅಮೆರಿಕದ ಟೆಕ್ಸಾಸಿನ ರೆಟ್ರೋ ಸ್ಟುಡಿಯೋಸ್‌ನೋರು ಮಾಡಿಕೊಟ್ಟಿದ್ದು. 2002ರಲ್ಲಿ ಬಂದ ಮೊದಲನೇದರ ಮುಂದಿನ ಭಾಗ, 2004ರ ನವೆಂಬರ್‌ನಲ್ಲಿ ಬಂತು. ನಾಲ್ಕನೇ ಭಾಗವೂ 2025ರ ಡಿಸೆಂಬರ್‌ನಲ್ಲಿ ಬಂದಾಯ್ತು. ನಮ್ಮನೇಲಿ ಇರೋದು ಮೊದಲಿನ ಮೂರೂ ಆಟ ಸೇರಿಸಿ 2009ರಲ್ಲಿ ವೀ ಪೆಟ್ಟಿಗೆಗೆ ತಂದ ಡಿಸ್ಕು. ಮಗ ಹೊರದೇಶದಲ್ಲಿದ್ದಾಗ ತಗೊಂಡಿದ್ದು, ಈಗ ಅಟ್ಟ ಸೇರಿತ್ತು. ಬಲಗೈಲಿ ರಿಮೋಟ್ ಹಿಡ್ಕೊಂಡು ಟೀವಿ ಕಡೆ ತೋರಿಸ್ಬೇಕು, ಕತ್ತಲೇಲಿ ಟಾರ್ಚ್ ಬಿಟ್ಟಂಗೆ. ನಡೆಯೋದೆಲ್ಲ ಎಡಗೈಲಿ.

ಕತೆ ಇಷ್ಟು. ಸೇಮಸ್ ಅರಾನ್ ಅಂತ ಒಬ್ಬಳು, ದುಡ್ಡು ತಗೊಂಡು ಅಪಾಯದ ಕೆಲಸ ಮಾಡಿಕೊಡೋ ಬೇಟೆಗಾರ್ತಿ. ಕಾಣೆಯಾದ ಸೈನಿಕರನ್ನ ಹುಡುಕ್ಕೊಂಡು ಈಥರ್ ಅನ್ನೋ ಗ್ರಹಕ್ಕೆ ಒಬ್ಬಳೇ ಇಳೀತಾಳೆ. ಹಿಂದೆ ಯಾವಾಗಲೋ ಒಂದು ಉಲ್ಕೆ ಬಿದ್ದು ಆ ಗ್ರಹ ಎರಡಾಗಿದೆ. ಒಂದು ಬೆಳಕಿನದ್ದು, ಇನ್ನೊಂದು ಕತ್ತಲಿಂದು. ಎರಡೂ ಒಂದರ ಬೆನ್ನಿಗೊಂದು ಅಂಟಿಕೊಂಡಂಗೆ. ಬೆಳಕಿನ ಕಡೆ ಲೂಮಿನಾತ್ ಅಂತ ದೊಡ್ಡ ಪತಂಗದಂಥ ಜನ, ಕತ್ತಲ ಕಡೆ ಇಂಗ್ ಅನ್ನೋ ನೆರಳಿನಂಥ ಜೀವಿಗಳು. ಆ ಇಂಗ್‌ಗಳು ಹೊತ್ತುಕೊಂಡು ಹೋದ ನೆಲದ ಶಕ್ತೀನ ಇವಳು ಒಂದೊಂದೇ ಗುಡಿಗೆ ವಾಪಸ್ ತಂದು ಹಾಕ್ಬೇಕು.

ಇಲ್ಲಿ ಒಂದೇ ಜಾಗವನ್ನ ಎರಡೆರಡು ಸಲ ಕಲೀಬೇಕು. ಬೆಳಕಿನ ಕಡೆ ದಾರಿ ಇದ್ದಲ್ಲಿ ಕತ್ತಲ ಕಡೆ ಇರಲ್ಲ, ಅಲ್ಲಿ ತೆರೆದ ಬಾಗಿಲು ಇಲ್ಲಿ ಮುಚ್ಚಿರ್ತದೆ. ಪೇಟೆ ಮಕ್ಕಳಿಗೆ ಇದು ತಲೆನೋವು ಅನ್ನಿಸ್ಬಹುದು. ನಮಗೆಂತ ಹೊಸತು ಮಾರಾಯ್ರೆ? ಕಳಸದಿಂದ ಹೊರನಾಡಿಗೆ ಹೋಗೋ ಹೆಬ್ಬಾಳೆ ಸೇತುವೆ ಏಪ್ರಿಲ್‌ನಲ್ಲಿ ದಾರಿ, ಜುಲೈನಲ್ಲಿ ಭದ್ರೆ ಉಕ್ಕಿದ್ರೆ ಬರೀ ನೀರು. ಬೇಸಿಗೇಲಿ ಚಪ್ಪಲಿ ಹಾಕ್ಕೊಂಡು ದಾಟೋ ಹಳ್ಳಕ್ಕೆ ಮಳೆಗಾಲದಲ್ಲಿ ಸಂಕ ಇಲ್ದೆ ಆಗಲ್ಲ. ತೋಟ ಒಂದೇ, ನಕ್ಷೆ ಎರಡು. ಈ ಆಟದ ಟೋರ್ವಸ್ ಅನ್ನೋ ಜೌಗು ಕಾಡಲ್ಲಿ ಮಳೆ ಹೊಯ್ಯೋದು ನೋಡಿದ್ರೆ ಕಾಲಿಗೆ ಇಂಬಳ ಹತ್ತಿದಂಗೇ ಆಗ್ತದೆ.

ಕತ್ತಲ ಕಡೆಯ ಗಾಳಿಯೇ ವಿಷ. ನಿಂತಲ್ಲೇ ಜೀವ ಸೋರ್ತಾ ಹೋಗ್ತದೆ. ಅಲ್ಲಲ್ಲಿ ಬೆಳಕಿನ ಹರಳುಗಳಿವೆ, ಅದರ ವೃತ್ತದೊಳಗೆ ನಿಂತ್ರೆ ಮಾತ್ರ ಕ್ಷೇಮ. ಒಂದು ಬೆಳಕಿಂದ ಇನ್ನೊಂದಕ್ಕೆ ಎಷ್ಟು ಹೆಜ್ಜೆ, ಮಧ್ಯೆ ಎಂತ ಇದೆ ಅಂತ ಮೊದಲೇ ಲೆಕ್ಕ ಹಾಕಿ ಹೊರಡಬೇಕು. ಕರೆಂಟಿಲ್ಲದ ರಾತ್ರಿ ಕೊಟ್ಟಿಗೆಗೆ ಹೋಗಿ ಬಂದೋರಿಗೆ ಈ ಲೆಕ್ಕ ಯಾರೂ ಕಲಿಸೋದು ಬೇಡ.

ಇನ್ನು ಗುಂಡಿನ ವಿಷಯ. ಮಾಮೂಲಿ ಗುಂಡಿಗೆ ಲೆಕ್ಕ ಇಲ್ಲ. ಆದ್ರೆ ಕೆಲಸಕ್ಕೆ ಬರೋ ಬೆಳಕಿನ ಗುಂಡು, ಕತ್ತಲ ಗುಂಡು ಸಿಕ್ಕಾಗ ಕೈಲಿರೋದು ಐವತ್ತೈವತ್ತೇ. ಬೆಳಕಿಂದು ಹೊಡೆದು ಕೊಂದ್ರೆ ಕತ್ತಲಿಂದು ಸಿಗ್ತದೆ, ಕತ್ತಲಿಂದು ಹೊಡೆದ್ರೆ ಬೆಳಕಿಂದು. ಅದ್ಕೆ ಸುಮ್ನೆ ಢಂ ಢಂ ಅಂತ ಹಾರಿಸಿದ್ರೆ ಮುಂದಿನ ಬಾಗಿಲ ಹತ್ರ ಕೈ ಖಾಲಿ. ಮಳೆಗಾಲಕ್ಕೆ ಸೌದೆ ಒಟ್ಟಿ, ಅಕ್ಕಿ ತುಂಬಿ, ಅಳೆದು ಅಳೆದು ತೆಗೆಯೋ ಕೈ ನಮ್ದು. ಮಗ ಐದು ನಿಮಿಷಕ್ಕೆ ಖಾಲಿ ಮಾಡಿದ್ದನ್ನ ನಾನು ಅರ್ಧ ಗಂಟೆ ಎಳೆದಿದೀನಿ.

ಎಲ್ಲಕ್ಕಿಂತ ನಂಗೆ ಹಿಡಿಸಿದ್ದು ನೋಡೋ ಕೆಲಸ. ಹೆಲ್ಮೆಟ್ಟಿನ ಒಂದು ಕನ್ನಡಕದಲ್ಲಿ ಗಿಡ, ಪ್ರಾಣಿ, ಯಂತ್ರ, ಗೋಡೆ ಬರಹ ಯಾವುದನ್ನ ದಿಟ್ಟಿಸಿದ್ರೂ ಅದರ ವಿವರ ಬರ್ತದೆ, ದಾಖಲೆ ಪುಸ್ತಕಕ್ಕೆ ಸೇರ್ತದೆ. ನೋಡಿ ಆಗಿದ್ದು ಹಸಿರು ಬಣ್ಣಕ್ಕೆ ತಿರುಗ್ತದೆ. ಯಾವ ಪ್ರಾಣಿಗೆ ಎಲ್ಲಿ ಪೆಟ್ಟು ತಾಗ್ತದೆ ಅನ್ನೋದೂ ಓದಿದ್ರೇ ಗೊತ್ತಾಗೋದು. ಅಂದ್ರೆ ಮೊದಲು ಕಣ್ಣು, ಆಮೇಲೆ ಕೋವಿ. ನಮ್ಮ ಮೂಡಿಗೆರೆಯಲ್ಲೇ ಕೂತು ತೇಜಸ್ವಿಯವರು ಬರೆದ ಕರ್ವಾಲೊ 1980ರಲ್ಲಿ ಬಂತಲ್ಲ, ಅಲ್ಲೂ ಅಷ್ಟು ಜನ ಕಾಡು ಹೊಕ್ಕಿದ್ದು ಹಾರೋ ಓತಿ ಹುಡುಕ್ಕೊಂಡೇ. ಕೋವಿ ಇರೋ ಮನೆಗಳೇ ಜಾಸ್ತಿ ಇರೋ ನಮ್ಮ ಕಡೆ, ಮಕ್ಕಳಿಗೆ ಈ ಕ್ರಮ ಹೇಳಿಕೊಡೋ ಆಟ ಕೆಟ್ಟದ್ದು ಅಂತ ನಾನು ಒಪ್ಪಲ್ಲ.

ಹಂಗಂತ ಎಲ್ಲಾ ಚೆನ್ನಾಗಿದೆ ಅಂತಲ್ಲ. ಕೊನೇಲಿ ಒಂಬತ್ತು ಕೀಲಿ ಹುಡುಕಕ್ಕೆ ಇಡೀ ಗ್ರಹ ಮತ್ತೆ ಸುತ್ತಿಸ್ತಾರೆ. ಸತ್ತು ಬಿದ್ದ ಲೂಮಿನಾತ್‌ಗಳ ಹತ್ರ ಸುಳಿವು ಓದೋದು ಮನಸ್ಸಿಗೆ ತಾಗ್ತದೆ ನಿಜ, ಆದ್ರೆ ಅಷ್ಟು ತಿರುಗಾಟ ಬರೀ ಆಟ ಉದ್ದ ಮಾಡಕ್ಕೆ ಅನ್ನಿಸ್ತದೆ. ಆಡಿದ್ದನ್ನ ಉಳಿಸಿಡಕ್ಕೂ ಅದಕ್ಕೇ ಅಂತ ಇರೋ ಜಾಗ ಮುಟ್ಟಬೇಕು. ಜೂನ್ ತಿಂಗಳ ಕಳಸದಲ್ಲಿ ಮಧ್ಯೆ ಕರೆಂಟ್ ಹೋದ್ರೆ ಒಂದು ಗಂಟೆ ಶ್ರಮ ಹಳ್ಳದ ಪಾಲು. ಇನ್ವರ್ಟರ್ ಇದ್ರೆ ಮಾತ್ರ ಶುರು ಮಾಡಿ.

ಇಷ್ಟೆಲ್ಲ ಯಾಕೆ ಹೇಳಿದೆ ಅಂದ್ರೆ, ಒಂದು ಮುಖ್ಯ ವಿಷಯ ಇದೆ. ಪಿಯುಸಿ ಮುಗಿಸಿ ಮದುವೆಯಾಗಿ ಬಂದೋಳು ನಾನು. ಎಲ್ಲಿಗೆ ಹೋದ್ರೂ ಜೊತೆಗೊಬ್ರು. ಇವರಿಲ್ಲದಿದ್ರೆ ಮಗ, ಮಗ ಇಲ್ಲದಿದ್ರೆ ಜೀಪಿನ ಹುಡುಗ. ಮೂಡಿಗೆರೆ ಕಡೆ ಆನೆ ಕಾಟ ಶುರುವಾದ ಮೇಲಂತೂ ಸಂಜೆ ತೋಟದ ಕಡೆ ಹೆಂಗಸರು ಕಾಲಿಡಂಗೇ ಇಲ್ಲ. ಅದು ಸರಿಯೇ, ಜೀವದ ಪ್ರಶ್ನೆ. ಆದ್ರೆ ಆನೆ ಇಲ್ಲದ ಜಾಗಕ್ಕೂ ನಮ್ಮನ್ನ ಒಬ್ಬರೇ ಕಳಿಸಲ್ಲ, ನಾವೂ ಹೋಗ್ತೀವಿ ಅನ್ನಲ್ಲ. ಹೊಸ ಜಾಗದಲ್ಲಿ ದಾರಿ ತಪ್ಪಿ, ಗಾಬರಿಯಾಗಿ, ಆಮೇಲೆ ತಾನೇ ದಾರಿ ಕಂಡ್ಕೊಳ್ಳೋ ಸುಖ ಇದ್ಯಲ್ಲ, ಅದು ನಮ್ಮ ಪಾಲಿಗೆ ಬಂದೇ ಇಲ್ಲ. 1986ರ ಮೊದಲ ಮೆಟ್ರಾಯ್ಡ್ ಆಟದ ಕೊನೇಲಿ, ಬೇಗ ಆಡಿ ಮುಗಿಸಿದೋರಿಗೆ, ಕವಚದೊಳಗಿರೋದು ಹೆಂಗಸು ಅಂತ ಗೊತ್ತಾಗ್ತಿತ್ತಂತೆ, ಆಶ್ಚರ್ಯಪಡೋ ಸಂಗತಿ ಅನ್ನೋ ಥರ. ಈ ಎರಡನೇ ಪ್ರೈಮ್‌ನಲ್ಲಿ "ನೀನೊಬ್ಬಳೇ ಯಾಕೆ ಬಂದೆ" ಅಂತ ಅವಳನ್ನ ಯಾರೂ ಕೇಳಲ್ಲ. ಕೆಲಸ ಹೇಳ್ತಾರೆ, ಅವಳು ಮಾಡ್ತಾಳೆ.

"ಆಟದಲ್ಲಿ ಒಬ್ಬಳೇ ಹೋಗೋದು ಎಂತ ದೊಡ್ಡದು ಅಮ್ಮ, ಚಿಕ್ಕಮಗಳೂರಿಗೆ ಒಬ್ಬಳೇ ಬಸ್ಸಲ್ಲಿ ಹೋಗಿ ಬಾ ನೋಡಣ" ಅಂದ್ಲು ಮಗಳು. ಸರಿಯಾದ ಮಾತೇ. ಆಟ ಅದಕ್ಕೆ ಬದಲಿ ಅಲ್ಲ. ಆದ್ರೆ ದಾರಿ ತಪ್ಪಿದ್ರೆ ಲೋಕ ಮುಳುಗಲ್ಲ ಅನ್ನೋ ಧೈರ್ಯ ಎಲ್ಲಿಂದಾದ್ರೂ ಶುರುವಾಗ್ಬೇಕಲ್ಲ? ಕಾಫಿ ಕುಯ್ಲು ಶುರುವಾದ್ರೆ ಯಾರಿಗೂ ಪುರುಸೊತ್ತಿಲ್ಲ. ಮಳೆಗಾಲದಲ್ಲಿ ಸಂಜೆ ಒಂದು ಗಂಟೆ ನಂದು ಅಂತ ಮನೇಲಿ ಹೇಳಿ ತಗೊಳ್ಳಿ. ಮಕ್ಕಳು "ಆ ಕಡೆ ಹೋಗಮ್ಮ, ಈ ಬಾಗಿಲು ತೆಗಿ" ಅಂತ ಪಕ್ಕದಲ್ಲಿ ಕೂತ್ರೆ ಎಬ್ಬಿಸಿ ಕಳಿಸಿ. ತಪ್ಪೋ ಸರಿಯೋ, ದಾರಿ ನೀವೇ ಹುಡುಕಿ. ಅಂದಂಗೆ ದೀಪಾವಳಿ ಕಳೆದ ವಾರ ನಾನು ಚಿಕ್ಕಮಗಳೂರಿಗೆ ಒಬ್ಬಳೇ ಹೋಗಿ ಬಂದೆ.